ಯಡ್ತರೆಯ ಮನೆಯೊಂದರಲ್ಲಿ ಎರಡು ನುಡಿ

ಬೈಂದೂರಿನ ರೈಲು ನಿಲ್ದಾಣಕ್ಕೆ ‘ಮೂಕಾಂಬಿಕಾ ರೋಡ್’ ಎಂಬ ಹೆಸರೂ ಉಂಟು. ಕೊಲ್ಲೂರಿನ ದೇವಿಯ ದರ್ಶನಾರ್ಥವಾಗಿ ಬರುವ ಯಾತ್ರಿಕರು, ಅದರಲ್ಲಿಯೂ ಕೇರಳದ ಭಕ್ತಾದಿಗಳು, ಅಲ್ಲಿ ಇಳಿದು ಮೂಡುದಿಕ್ಕಿಗೆ ಘಟ್ಟದ ಬುಡದ ಕಡೆಗೆ ಹೊರಟುಬಿಡುವರು. ಬೈಂದೂರಿಗೆ ತಾಗಿಕೊಂಡಿರುವ ಯಡ್ತರೆಯನ್ನು ನೋಡುವುದಕ್ಕೆಂದೇ ಇಳಿಯುವವರು ವಿರಳ. ಕಳೆದ ಮಾಘಮಾಸದಲ್ಲಿ ನಾನು ಅದೇ ಉದ್ದೇಶದಿಂದ ಇಳಿದೆನು. ನನ್ನ ಹಳೆಯ ಶಿಷ್ಯನೊಬ್ಬನು ಅಲ್ಲಿ ಮನೆ ಕಟ್ಟಿಸಿ, ಒಮ್ಮೆಯಾದರೂ ಬಂದು ಹೋಗಬೇಕೆಂದು ಎರಡು ಸಲ ಕಾಗದ ಬರೆದಿದ್ದನು.

ಪಡುವಲಲ್ಲಿ ಸಮುದ್ರ, ಮೂಡಲಲ್ಲಿ ಸಹ್ಯಾದ್ರಿ, ನಡುವೆ ತೆಂಗಿನ ತೋಟಗಳೂ ಬೈಲುಗದ್ದೆಗಳೂ ಇರುವ ಈ ಸೀಮೆಯಲ್ಲಿ ಕಣ್ಣಿಗಿಂತ ಕಿವಿಗೆ ಹೆಚ್ಚು ಸುಗ್ಗಿ. ಇಲ್ಲಿಯ ಬಹುಜನರ ಮಾತು ಕುಂದಾಪುರದ ಕನ್ನಡ. ಅದನ್ನು ಗ್ರಾಮ್ಯವೆಂದು ಅಲ್ಲಗಳೆಯುವವರು ಉಂಟು. ಆದರೆ ಇಲ್ಲಿಯ ‘ಹೋಪ’, ‘ಬಪ್ಪ’ ಎಂಬ ರೂಪಗಳಲ್ಲಿ ಹಳಗನ್ನಡದ ‘ಪೋಪ’, ‘ಬರ್ಪ’ಗಳು ಇನ್ನೂ ಉಸಿರಾಡುತ್ತಿವೆ. ಇದರ ಜೊತೆಯಲ್ಲಿಯೇ ಕೊಂಕಣಿಯೂ ಕೇಳಿಸುವುದು. ಹದಿನಾರನೆಯ ಶತಮಾನದಲ್ಲಿ ಗೋವೆಯಲ್ಲಿ ಪೋರ್ಚುಗೀಜರ ಆಳ್ವಿಕೆ ನೆಲೆಗೊಂಡ ತರುವಾಯ ಅನೇಕ ಕುಟುಂಬಗಳು ಈ ಕರಾವಳಿಗೆ ಇಳಿದು ಬಂದುವು. ಕಡಲ ದಂಡೆಯ ಖಾರ್ವಿ ಜನರಲ್ಲಿ ಕೊಂಕಣಿಯ ಒಂದು ಬಗೆ, ಬಡಗಲ ಶಿರೂರಿನ ನವಾಯತ ಮುಸಲ್ಮಾನರಲ್ಲಿ ಇನ್ನೊಂದು ಬಗೆ. ೧೯೯೨ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿದ ಈ ನುಡಿಯು ಅದಕ್ಕೆ ಮೊದಲು ನಾಲ್ಕು ನೂರು ವರ್ಷ ನಮ್ಮ ಊರುಗಳಲ್ಲಿ ಹೆಚ್ಚಾಗಿ ಒಲೆಯ ಮುಂದೆಯೂ ತೊಟ್ಟಿಲ ಬಳಿಯಲ್ಲಿಯೂ ಬದುಕಿ ಬಂದುದು ಸಾಮಾನ್ಯ ಸಂಗತಿಯಲ್ಲ.

ಆ ತೊಟ್ಟಿಲ ನುಡಿಗೆ ನಾನೇ ಒಮ್ಮೆ ಅಪಚಾರ ಮಾಡಿದೆನೆಂಬುದನ್ನು ವಾಚಕರ ಮುಂದೆ ಮರೆಮಾಚಲಾರೆನು. ಸುಮಾರು ಮೂವತ್ತು ವರ್ಷಗಳ ಹಿಂದೆ ಈ ಶಿಷ್ಯನು ಮೂರನೆಯ ತರಗತಿಯ ಬಾಲಕನು, ಕೊಂಕಣಿ ಮನೆಯವನು. ಒಂದು ದಿನ ಅವನು ‘ತಂಗಿ ಬಂತು’ ಎಂದು ಬರೆದುದನ್ನು ಕಂಡೆನು. ಎಳೆಯ ಹೆಣ್ಣುಮಕ್ಕಳನ್ನು ನಪುಂಸಕಲಿಂಗದಲ್ಲಿ ಹೇಳುವ ರೂಢಿ ಕೊಂಕಣಿಯಲ್ಲಿ ಉಂಟಷ್ಟೆ. ದೋಷದ ಮೂಲವನ್ನು ಕಂಡುಹಿಡಿದೆನೆಂದು ಹಿಗ್ಗಿ, ಅವನ ತಾಯಿಯನ್ನು ಕರೆಯಿಸಿ, “ಮನೆಯಲ್ಲಿ ಇವನ ಸಂಗಡ ಕೊಂಕಣಿ ಆಡಬೇಡಿರಿ, ಕನ್ನಡ ಕೆಡುವುದು” ಎಂದು ಅಪ್ಪಣೆ ಕೊಟ್ಟೆನು. ಅದೇ ತರಗತಿಯ ಕನ್ನಡ ಮನೆಗಳ ಹುಡುಗರೂ ‘ಹೆಣ್ ಬಂತ್’ ಎಂದೇ ಆಡುತ್ತಿದ್ದರೆಂಬುದು ನನ್ನ ಕಿವಿಗೆ ಬೀಳಲಿಲ್ಲ. ವ್ಯಾಕರಣ ಕಲಿತವನ ಕಿವಿಯು ಎಷ್ಟೋ ವೇಳೆ ಹೀಗೆಯೇ ಕಿವುಡಾಗಿರುವುದು.

ಯಡ್ತರೆಯ ಆ ಮನೆಯ ಜಗಲಿಯಲ್ಲಿ ನಾನು ಕುಳಿತಾಗ ಆ ತಾಯಿಯೇ, ಈಗ ತಲೆ ನರೆತವರು, ಆರು ವರ್ಷದ ಮೊಮ್ಮಗಳನ್ನು ಕರೆದು “ಉದಾಕ ಹಾಡಿ” ಎಂದರು. ನನಗೆ ನಗೆ ಬಂದಿತು. ಮಗುವನ್ನು ಹಾಡಲು ಹೇಳುತ್ತಾರೆಂದು ಹೊಸಬರು ತಿಳಿದಾರು! ಕೊಂಕಣಿಯಲ್ಲಿ ‘ಹಾಡ್’ ಎಂಬ ಧಾತುವಿಗೆ ತರುವುದೆಂದರ್ಥ. ‘ಉದಾಕ’ವಾದರೋ ನಮ್ಮ ಸಂಸ್ಕೃತದ ‘ಉದಕ’ವೇ. ಮಗುವಿನ ತಾಯಿ ಕುಂದಾಪುರ ಕನ್ನಡದ ಮನೆಯವಳು. ಹುಡುಗಿಯು ಒಳಗೆ ಓಡಿ, “ಅಮ್ಮ, ಮಾಷ್ಟ್ರಿಗೆ ನೀರ್ ಕೊಡ್” ಎಂದಳು. ಚೊಂಬನ್ನು ತಂದಿಟ್ಟು ನನ್ನೊಡನೆ, “ಅಜ್ಜ, ನೀರು ತೆಗೆದುಕೊಳ್ಳಿ” ಎಂದು ಪಾಠಶಾಲೆಯ ಕನ್ನಡವನ್ನಾಡಿದಳು. ಯಾರೊಡನೆ ಯಾವ ಮಾತೆಂಬುದನ್ನು ಅವಳಿಗೆ ಯಾರೂ ಸೂತ್ರರೂಪದಲ್ಲಿ ಬೋಧಿಸಿರಲಿಲ್ಲ.

ನಾನು ಮೆಚ್ಚಿ ಮಾತನಾಡಿದಾಗ ಹಿರಿಯಾಕೆಯು ಹಳೆಯದನ್ನು ಹೇಳಿದರು. ನನ್ನ ಮಾತನ್ನು ಗುರುವಾಕ್ಯವೆಂದು ಅವರು ಚಾಚೂ ತಪ್ಪದೆ ನಡೆಸಿದ್ದರು. ಹುಡುಗನ ನಾಲಗೆಯಲ್ಲಿ ಕೊಂಕಣಿಯು ವರ್ಷವರ್ಷಕ್ಕೆ ಬತ್ತಿತು. ಅವನ ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೆ. ಅವನಿಗೆ ಹದಿನೈದು ತುಂಬಿದಾಗ ಆಕೆ ಹಾಸಿಗೆ ಹಿಡಿದರು. ಮುದುಕಿ ಕೇಳಿದುದಕ್ಕೆಲ್ಲ ಹುಡುಗನು ನಾಚಿ ತಲೆಯಾಡಿಸುತ್ತಿದ್ದನೇ ಹೊರತು ಬಾಯಿ ತೆರೆಯಲಿಲ್ಲ. “ಇವನು ನನ್ನ ಮೇಲೆ ಮುನಿದುಕೊಂಡಿದ್ದಾನೆಯೇ?” ಎಂದು ಸೊಸೆಯನ್ನು ಕೇಳುತ್ತಲೇ ಆಕೆ ಕಣ್ಣು ಮುಚ್ಚಿದರಂತೆ. “ನೀವು ಒಳ್ಳೇದಕ್ಕೇ ಹೇಳಿದ್ದು, ಮಾಷ್ಟ್ರೇ” ಎಂದು ಹಿರಿಯಾಕೆ ಸಮಾಧಾನ ಹೇಳಿದರು. ಆ ಸಮಾಧಾನವೇ ನನ್ನನ್ನು ಹೆಚ್ಚು ಸುಟ್ಟಿತು.

ಮಗಳು ಹುಟ್ಟಿದಾಗ ಶಿಷ್ಯನು ಒಂದು ನಿಯಮ ಮಾಡಿದನು: ಅಜ್ಜಿಯದು ಕೊಂಕಣಿ, ತಾಯಿಯದು ಕನ್ನಡ, ಯಾರೂ ತಮ್ಮ ನುಡಿಯನ್ನು ಬಿಡಕೂಡದು. ಇದು ಹೊಸ ಉಪಾಯವೇನೂ ಅಲ್ಲ. ಫ್ರಾನ್ಸಿನ ಜ್ಯೂಲ್ ರೋಂಜಾ ಎಂಬ ಭಾಷಾಪಂಡಿತನು ಮಗನೊಡನೆ ತಾನು ಫ್ರೆಂಚನ್ನೂ ಹೆಂಡತಿಯು ಜರ್ಮನನ್ನೂ ಆಡಿ, ಬಾಲಕನಿಗೆ ಎರಡೂ ಕೈವಶವಾದ ಬಗೆಯನ್ನು ೧೯೧೩ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಎರಡು ನುಡಿಯಿಂದ ಬುದ್ಧಿ ಮಂದವಾಗುವುದೆಂಬ ಹಿಂದಿನ ವಿದ್ವಾಂಸರ ಶಂಕೆಯೂ ೧೯೬೨ರಲ್ಲಿ ಕೆನಡಾದ ಮಾಂಟ್ರಿಯಲಿನಲ್ಲಿ ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ ತಲೆಕೆಳಗಾಯಿತು. ಎರಡು ಭಾಷೆ ಬಲ್ಲವರೇ ಮುಂದಿದ್ದರು.

ಅಷ್ಟು ದೂರ ಹೋಗುವುದೇಕೆ? ಪಂಜೆ ಮಂಗೇಶರಾಯರದು (೧೮೭೪–೧೯೩೭) ಕೊಂಕಣಿ ಮನೆ. ಮಂಜೇಶ್ವರದ ಗೋವಿಂದ ಪೈಗಳದೂ (೧೮೮೩–೧೯೬೩) ಕೊಂಕಣಿಯೇ. ಬೇಂದ್ರೆಯವರ (೧೮೯೬–೧೯೮೧) ಮನೆಮಾತು ಮರಾಠಿ. ಇವರಿಂದ ಕನ್ನಡ ಕೆಟ್ಟಿತೇ? ಆ ತಾಯಿಗೆ ಅಪ್ಪಣೆ ಕೊಟ್ಟ ದಿನಗಳಲ್ಲಿಯೇ ನಾನು ಮಕ್ಕಳಿಂದ ಪಂಜೆಯವರ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆನು!

ಕಷ್ಟಗಳಿಲ್ಲವೆಂದಲ್ಲ. ಹುಡುಗಿಯು ಒಂದು ವಾಕ್ಯದಲ್ಲಿ ಎರಡು ಭಾಷೆಯನ್ನೂ ಬೆರಸುವುದುಂಟು. ಅಜ್ಜಿಯು ಗದರಿಸದೆ ಅದನ್ನೇ ಕೊಂಕಣಿಯಲ್ಲಿ ಸರಿಯಾಗಿ ತಿರುಗಿ ಹೇಳುವರು, ಮಗು ಹಿಂಬಾಲಿಸುವುದು. ಅಪ್ಪನೂ ಪಕ್ಕದಲ್ಲಿ ಕುಳಿತು, ಕಳೆದುಕೊಂಡುದನ್ನು ಮಗಳಿಂದ ಮರಳಿ ಕಲಿಯುತ್ತಿರುವನು.

ಹೊರಡುವಾಗ ನಾನು “ಯೆತ್ತಾ” ಎಂದೆನು. ಬರುತ್ತೇನೆಂಬುದಕ್ಕೆ ಕೊಂಕಣಿ ಮಾತು. ಹುಡುಗಿಯು ನಕ್ಕು, “ಯೆತ್ತಾಂ” ಎಂದು ಮೂಗಿನಿಂದ ನುಡಿದು ತಿದ್ದಿದಳು. ನಾನು ಮತ್ತೊಮ್ಮೆ ಹೇಳಿದೆನು.

ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ಮನೆಯಲ್ಲಿ ಎರಡು ನುಡಿಗಳಿದ್ದರೆ ಒಂದನ್ನು ಹೊರಗಟ್ಟಬೇಡಿರಿ. ನನ್ನಂತಹ ಉಪಾಧ್ಯಾಯನು ಬಂದು ಹೇಳಿದರೂ ಕೇಳಬೇಡಿರಿ. ಶಾಲೆಯ ತಪ್ಪನ್ನು ಶಾಲೆಯಲ್ಲಿ ತಿದ್ದಬಹುದು. ಅಜ್ಜಿಗೆ ಕೊಡದೆ ಉಳಿದ ಉತ್ತರವನ್ನು ಆಮೇಲೆ ಎಲ್ಲಿ ಕೊಡುವುದು?