ಆಷಾಢದ ಡಿಸ್ಕೌಂಟು

ಬೆಂಗಳೂರಲ್ಲಿ ಮನೆ ಬಾಡಿಗೆ ಇಳಿಯೋಕೂ ಒಂದು ಸೀಸನ್ ಇದೆ ಕಣ್ರೀ. ಆಷಾಢ. ಆ ತಿಂಗಳು ಯಾರೂ ಹಾಲು ಉಕ್ಕಿಸಲ್ಲ. ಹಾಗಾಗಿ ಜ್ಯೇಷ್ಠದಲ್ಲಿ ಖಾಲಿಯಾದ ಮನೆ ಶ್ರಾವಣದ ತನಕ ಬೀಗ ಹಾಕ್ಕೊಂಡು ಕೂತಿರುತ್ತೆ, ಓನರ್ ಮಾತು ಸ್ವಲ್ಪ ಮೆತ್ತಗಾಗಿರುತ್ತೆ. ಬಾಗಿಲು ದಕ್ಷಿಣಕ್ಕಿದ್ರೆ ಇನ್ನೂ ಮೆತ್ತಗೆ.

2024ರ ಜುಲೈನಲ್ಲಿ ನಾನೂ ನನ್ನ ಹೆಂಡತಿಯೂ ಛತ್ರಿ ಹಿಡ್ಕೊಂಡು ವಿಜಯನಗರದ ಗಲ್ಲಿ ಗಲ್ಲಿ ಸುತ್ತಿದ್ವಿ. ಆಫೀಸು ವೈಟ್‌ಫೀಲ್ಡಲ್ಲಿ. ಹಿಂದಿನ ಅಕ್ಟೋಬರಿಂದ ಮೆಟ್ರೋ ನೇರ ಅಲ್ಲಿಗೇ ಹೋಗ್ತಿದ್ದರಿಂದ ಈ ಕಡೆ ಬರೋ ಧೈರ್ಯ ಬಂದಿತ್ತು. ಬ್ರೋಕರ್ ಬೇಡ, ಒಂದು ತಿಂಗಳ ಬಾಡಿಗೆ ಅವನಿಗೇ ಹೋಗುತ್ತೆ. ಗೇಟಿಗೆ ನೇತುಹಾಕಿದ ಟು-ಲೆಟ್ ಬೋರ್ಡು ನೋಡ್ಕೊಂಡು ಫೋನ್ ಮಾಡೋದು, ಅಷ್ಟೇ. ಅಮ್ಮ ಮಾತ್ರ ಊರಿಂದ, "ಆಷಾಢದಲ್ಲಿ ಒಲೆ ಬದಲಾಯಿಸಬಾರದು ಕಣಪ್ಪ" ಅಂತಿದ್ಲು.

ಎರಡನೇ ಭಾನುವಾರ ಒಂದು ಮನೆ ಸಿಕ್ತು. ಮೊದಲನೇ ಮಹಡಿ, ದಕ್ಷಿಣದ ಬಾಗಿಲು, ಮುಂದೆ ಪಾರಿಜಾತದ ಗಿಡ. 24 ಸಾವಿರ, 2 ಲಕ್ಷ ಅಡ್ವಾನ್ಸು. (ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಅಡ್ವಾನ್ಸು ಸಾಕು ಅನ್ನುತ್ತೆ. ಅದನ್ನ ಓನರ್ ಮುಂದೆ ಹೇಳಿ ನೋಡಿ!) ನಾನು ಆಷಾಢ ಅಂದೆ, ಬಾಗಿಲು ಅಂದೆ. 23ಕ್ಕೆ ಇಳೀತು.

"ಯಾವ ಕಡೆಯೋರು?" ಓನರ್ ಆಂಟಿ ಕೇಳಿದ್ರು.

"ಅರಸೀಕೆರೆ ಕಡೆ."

"ಅದಲ್ಲಪ್ಪ, ಯಾವ ಪೈಕಿ?"

ಹೇಳಿದೆ. ಮುಖ ಅರಳ್ತು. "ಅಯ್ಯೋ, ನಮ್ಮೋರೇ!" ಕಾಫಿ ಬಂತು, ಜೊತೆಗೆ ಚಕ್ಕುಲಿ. ಬಾಡಿಗೆ 21 ಸಾವಿರ ಆಯ್ತು. 5 ಸಾವಿರ ಟೋಕನ್ ಕೊಟ್ಟು ಇಳಿಯುವಾಗ ನನಗೆ ಏನೋ ಗೆದ್ದ ಖುಷಿ. ನಮ್ಮೂರಲ್ಲಿ ಈ ಪ್ರಶ್ನೆ ಯಾರೂ ಕೇಳ್ತಿರಲಿಲ್ಲ. ಮನೆ ಯಾವ ಬೀದಿ ಅಂದ್ರೆ ಸಾಕಿತ್ತು.

ಸೋಮವಾರ ಕ್ಯಾಂಟೀನಲ್ಲಿ ಈ ಸಾಹಸ ಕೊಚ್ಚಿಕೊಳ್ತಿದ್ದೆ. ಎದುರಿಗೆ ನಮ್ಮ ಟೀಮಿನ ಗೆಳೆಯ, ರಾಯಚೂರಿನ ಕಡೆಯವನು. ಅವನೂ ಮನೆ ಹುಡುಕ್ತಿದ್ದ.

"ಮುಂದೆ ಪಾರಿಜಾತದ ಗಿಡ ಐತೇನು?" ಅಂದ.

ಶನಿವಾರ ಅವನು ಹೋಗಿದ್ನಂತೆ. ಹೆಸರು, ಊರು, ಆಮೇಲೆ ಅದೇ ಪ್ರಶ್ನೆ. ಹೇಳಿದ್ನಂತೆ. "ನಿನ್ನೆನೇ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದ್ರಪ್ಪ" ಅಂದ್ರಂತೆ. ನಾನು ಭಾನುವಾರ ಹೋದಾಗ ಬೋರ್ಡು ಗೇಟಲ್ಲೇ ಇತ್ತು.

ಅವನು ಬೈಯಲಿಲ್ಲ. ಅನ್ನ ಕಲಸ್ತಾ, "ತಗೊಳಪ್ಪ, ಮನಿ ಚಲೋ ಐತಿ" ಅಂದ. ನಾನು ಆ ಮನೆ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಟೋಕನ್ ಕೊಟ್ಟಾಗಿದೆ ಅಂತ ಹೆಂಡತಿಗೆ ಹೇಳ್ದೆ. 5 ಸಾವಿರ ನಮಗೆ ದೊಡ್ಡ ಮೊತ್ತವೇನಲ್ಲ ಅಂತ ಅವಳಿಗೂ ಗೊತ್ತಿತ್ತು, ಸುಮ್ಮನಾದ್ಲು.

ಗೆಳೆಯನಿಗೆ ಕೊನೆಗೆ ಕೆಂಗೇರಿ ಆಚೆ ಒಂದು ಅಪಾರ್ಟ್‌ಮೆಂಟಲ್ಲಿ ಸಿಕ್ತು, 26 ಸಾವಿರಕ್ಕೆ. ಓನರ್ ದುಬೈಲಿದ್ದಾರೆ. ಪ್ಯಾನ್ ಕಾರ್ಡು, ಸ್ಯಾಲರಿ ಸ್ಲಿಪ್ಪು ಬಿಟ್ಟು ಇನ್ನೇನೂ ಕೇಳಲಿಲ್ವಂತೆ.

ಶ್ರಾವಣದಲ್ಲಿ ಅವನನ್ನ ಊಟಕ್ಕೆ ಕರೆದಿದ್ದೆ. ಮೆಟ್ಟಿಲ ಹತ್ರ ಆಂಟಿ ಹೂವು ಆರಿಸ್ತಿದ್ರು. ತಲೆ ಎತ್ತಿ ಅವನನ್ನೇ ಒಂದು ಗಳಿಗೆ ನೋಡಿದ್ರು.

"ನಿಮ್ಮನ್ನ ಎಲ್ಲೋ ನೋಡಿದಂಗಿದೆ. ಮುಂಚೆ ಬಂದಿದ್ರಾ?"

"ಇಲ್ರೀ ಆಂಟಿ," ಅಂದ, ಚಪ್ಪಲಿ ಬಿಡ್ತಾ. "ಇದೇ ಮೊದಲು."