ಟೊಂಕ ಸೋತರೆ ಕಾಲು ಸೋಲುತ್ತದೆ



ದೊಡ್ಡ ಕೆಲಸಕ್ಕೆ ಮುಂದಾದವನನ್ನು ನಾವು ‘ಟೊಂಕ ಕಟ್ಟಿ ನಿಂತ’ ಎನ್ನುತ್ತೇವೆ. ಕಷ್ಟಕ್ಕೆ ಸಿಕ್ಕು ಕುಸಿದವನನ್ನು ಕುರಿತು ‘ನಡು ಮುರಿಯಿತು’ ಎಂದು ಮರುಗುತ್ತೇವೆ. ಎರಡೂ ಮಾತಿನಲ್ಲಿ ಕೈಕಾಲುಗಳ ಪ್ರಸ್ತಾಪವೇ ಇಲ್ಲ. ಹವಳಗಾದ ಸುತ್ತಿನ ಹೊಲಗಳಲ್ಲಿ ಕಬ್ಬಿನ ಹೊರೆ ಹೊತ್ತು ಹಲಗೆಯ ಮೇಲಿಂದ ಟ್ರ್ಯಾಕ್ಟರಿನ ಟ್ರೇಲರ್ ಏರುವವರನ್ನು ಕೇಳಿ ನೋಡಿ. ಮೊದಲು ಸೋಲುವುದು ನಡು, ಆಮೇಲೆ ನಡುಗುವುದು ಕಾಲು ಎಂದು ಅವರೇ ಹೇಳುತ್ತಾರೆ.

ಕ್ರೀಡಾವಿಜ್ಞಾನದಲ್ಲಿ ಈ ನಡುಭಾಗಕ್ಕೆ ‘ಕೋರ್’ ಎಂದು ಹೆಸರು. ಮುಂದೆ ಹೊಟ್ಟೆಯ ಸ್ನಾಯುಗಳು, ಹಿಂದೆ ಬೆನ್ನೆಲುಬಿನ ಇಕ್ಕೆಲದ ಸ್ನಾಯುಗಳು, ಮೇಲೆ ವಪೆ, ಕೆಳಗೆ ಶ್ರೋಣಿಯ ತಳದ ಸ್ನಾಯುಗಳು. ಇವುಗಳಿಗೆ ಪೃಷ್ಠದ ಸ್ನಾಯುಗಳನ್ನೂ ಸೇರಿಸುವುದುಂಟು. ಹೊಟ್ಟೆಯ ತೀರ ಒಳಪದರದ ಸ್ನಾಯು ಸೊಂಟವನ್ನು ಪಟ್ಟಿಯಂತೆ ಸುತ್ತಿಕೊಂಡಿದೆ. ಆಸ್ಟ್ರೇಲಿಯಾದ ಹಾಜಸ್ ಮತ್ತು ರಿಚರ್ಡ್‌ಸನ್ 1997ರಲ್ಲಿ ತೋರಿಸಿಕೊಟ್ಟಂತೆ, ಕಾಲನ್ನು ಅಲುಗಿಸುವ ಸ್ನಾಯು ಕೆಲಸಕ್ಕೆ ತೊಡಗುವ ಮೊದಲೇ ಈ ಸ್ನಾಯು ಬಿಗಿಯಾಗುತ್ತದೆ. ಎಂದರೆ, ಹೆಜ್ಜೆಯಿಡುವ ಮುನ್ನ ದೇಹ ತಾನಾಗಿಯೇ ಟೊಂಕ ಕಟ್ಟುತ್ತದೆ!

ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಭಾನುವಾರವಿಡೀ ತೊಗರಿಯ ಸಾಲಿನಲ್ಲಿ ಬಗ್ಗಿ ಕಳೆ ಕೀಳುವಳು. ಸೋಮವಾರ 1500 ಮೀಟರ್ ಓಟದ ಅಭ್ಯಾಸಕ್ಕೆ ನಿಲ್ಲುವಳು. ಮೊದಲ ಸುತ್ತುಗಳಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಕೊನೆಯ ಸುತ್ತಿನಲ್ಲಿ ಮಾತ್ರ ಮೈ ಅತ್ತಿತ್ತ ವಾಲುತ್ತಿತ್ತು, ಮೊಣಕಾಲುಗಳು ಒಳಕ್ಕೆ ಸರಿಯುತ್ತಿದ್ದವು, ಹೆಜ್ಜೆ ಗಿಡ್ಡವಾಗುತ್ತಿತ್ತು. ನೋಡಿದವರೆಲ್ಲ ‘ಕಾಲಾಗ ಕಸುವಿಲ್ಲ’ ಎಂದರು. ಆ ಮಾತನ್ನು ಅವಳೂ ನಂಬಿದಳು. ಮರುವರ್ಷ ಓಟಕ್ಕೆ ಬರಲೇ ಇಲ್ಲ. ದಿನವಿಡೀ ಬಗ್ಗಿದ ಬೆನ್ನಿನ ಲೆಕ್ಕವನ್ನು ಯಾರೂ ಹಿಡಿಯಲಿಲ್ಲ.

ನಡು ದಣಿದಾಗ ಆಗುವುದೇನು? ಓಟದಲ್ಲಿ ಪ್ರತಿ ಹೆಜ್ಜೆಗೂ ದೇಹ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಆಗ ಶ್ರೋಣಿಯನ್ನು ಸಮವಾಗಿ ಹಿಡಿಯಬೇಕಾದ ಸ್ನಾಯುಗಳು ಬಳಲಿದ್ದರೆ ಅದು ಎತ್ತಿದ ಕಾಲಿನ ಕಡೆಗೆ ಜಗ್ಗುತ್ತದೆ. ಊರಿದ ಕಾಲಿನ ತೊಡೆ ಒಳಕ್ಕೆ ತಿರುಗಿ ಮೊಣಕಾಲಿನ ಮೇಲೆ ಭಾರ ಬೀಳುತ್ತದೆ. ವಪೆಗಂತೂ ಉಸಿರಾಟ ಮತ್ತು ನಡುವಿನ ಆಸರೆ ಎಂಬ ಎರಡು ದುಡಿಮೆ. ಏದುಸಿರು ಹೆಚ್ಚಿದಂತೆ ಆಸರೆ ಸಡಿಲವಾಗುತ್ತದೆ.

ನಮ್ಮ ನೆರೆಯ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಸವಾರರಿಗೆ ಹೆಸರಾದವು. ಅಲ್ಲಿರುವ ನನ್ನ ಶಿಷ್ಯರು ಗಮನಿಸಬೇಕಾದ ಒಂದು ಪ್ರಯೋಗ 2007ರಲ್ಲಿ ಪ್ರಕಟವಾಯಿತು. 15 ಮಂದಿ ಸ್ಪರ್ಧಾಳು ಸವಾರರ ನಡುವಿನ ಸ್ನಾಯುಗಳನ್ನು ವ್ಯಾಯಾಮದಿಂದ ದಣಿಸಿ, ಬಳಿಕ ಸೈಕಲ್ ತುಳಿಸಿದರು. ಪೆಡಲಿನ ಮೇಲಿನ ಒತ್ತಡ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಆದರೆ ಮೊಣಕಾಲು, ಹಿಮ್ಮಡಿಗಂಟುಗಳ ಓಲಾಟ ಹೆಚ್ಚಿತು. ಕಾಲು ಸೋತಿರಲಿಲ್ಲ, ದಾರಿ ತಪ್ಪಿತ್ತು. ಅದೇ ವರ್ಷ ಅಮೆರಿಕದಲ್ಲಿ 277 ಕಾಲೇಜು ಕ್ರೀಡಾಪಟುಗಳನ್ನು ಮೂರು ವರ್ಷ ಗಮನಿಸಿದ ಅಧ್ಯಯನವೂ ಹೊರಬಂತು. ಮುಂಡದ ಹಿಡಿತ ಸಡಿಲವಿದ್ದ ಹುಡುಗಿಯರಲ್ಲಿ ಮೊಣಕಾಲಿನ ಗಾಯದ ಸಂಭವ ಹೆಚ್ಚು ಎಂದು ಅದು ಕಂಡುಕೊಂಡಿತು. ಹುಡುಗರಲ್ಲಿ ಈ ಸಂಬಂಧ ಸ್ಪಷ್ಟವಾಗಲಿಲ್ಲ. ಹೊಟ್ಟೆ ಗಟ್ಟಿಯಾದ ಮಾತ್ರಕ್ಕೆ ಪದಕ ಬರುತ್ತದೆಂದು ಇದರಿಂದ ತಿಳಿಯಬೇಕಿಲ್ಲ. ಕಾಲಿನ ದೋಷವೆಂದು ಕಂಡದ್ದರ ಮೂಲ ಮೇಲಿರಬಹುದು, ಅಷ್ಟೇ.

ನಿಮ್ಮಲ್ಲಿ ಕೆಲವರು ಈಗ ದೈಹಿಕ ಶಿಕ್ಷಕರು, ಹಲವರು ತಂದೆತಾಯಂದಿರು. ಓಟಕ್ಕೆ ಮುಂಚೆ ಮಕ್ಕಳಿಂದ ನೂರು ಬಸ್ಕಿ, ಸಪಾಟಿ ತೆಗೆಸಿ ನಡುವನ್ನು ದಣಿಸಬೇಡಿ. ಅಂಥ ಸಾಮು ಓಟದ ನಂತರ ಇರಲಿ, ಇಲ್ಲವೇ ಬೇರೆ ದಿನ ಇರಲಿ. ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದು 20–30 ಸೆಕೆಂಡು ಉಸಿರು ಕಟ್ಟದೆ ನಿಲ್ಲುವುದು, ಅದನ್ನೇ ಪಕ್ಕಕ್ಕೆ ತಿರುಗಿ ಮಾಡುವುದು, ಇವಕ್ಕೆ ಖರ್ಚಿಲ್ಲ. ಕೊನೆಯ ಸುತ್ತಿನಲ್ಲಿ ಕಾಲಿಗಿಂತ ಮೊದಲು ಸೊಂಟವನ್ನು ನೋಡಿ. ಮಗು ಹಿಂದಿನ ದಿನ ಹೊಲದಲ್ಲಿ ಎಷ್ಟು ಹೊತ್ತು ಬಗ್ಗಿತ್ತು ಎಂದು ವಿಚಾರಿಸಿ, ಬಗ್ಗಿದ್ದರೆ ಆ ದಿನ ವಿಶ್ರಾಂತಿ ಕೊಡಿ. ‘ಕಸುವಿಲ್ಲ’ ಎಂಬ ತೀರ್ಪನ್ನು ಮಾತ್ರ ಯಾವ ಮಗುವಿಗೂ ಅವಸರದಲ್ಲಿ ಕೊಡಬೇಡಿ.