ಹಳೆ ಗಾಡಿಗೆ ಹೊಸ ಎಣ್ಣೆ

"ಹಳೆ ಗಾಡಿಗೆ ಸಿಂಥೆಟಿಕ್ ಹಾಕಿದ್ರೆ ಸೀಲೆಲ್ಲ ಸೋರ್ತವೆ ಮೇಡಂ." ಮೈಸೂರಿನ ಮೂರು ಗ್ಯಾರೇಜುಗಳಲ್ಲಿ ಈ ಮಾತು ಕೇಳಿದ್ದೇನೆ. ಗಾಡಿ ಅಪ್ಪನ 2006ರ ಸ್ಪ್ಲೆಂಡರ್. ಬಟ್ಟೆಯ ಗಂಟು ಹೊತ್ತು ಸಂತೆಯಿಂದ ಸಂತೆಗೆ ತಿರುಗಿ, ನನ್ನ ಡಿಗ್ರಿ, ಎಂಎ ಎರಡನ್ನೂ ದಾಟಿಸಿ, ಈಗ ಕ್ಷೇತ್ರಕಾರ್ಯಕ್ಕೆಂದು ಚಾಮರಾಜನಗರದ ಹಳ್ಳಿಗಳನ್ನು ಬಿಸಿಲಲ್ಲಿ ಸುತ್ತುತ್ತಿದೆ. ಇಂಜಿನ್ ಹೋದರೆ ಇನ್ನೊಂದು ಗಾಡಿ ಕೊಳ್ಳುವ ಸ್ಥಿತಿ ಅಪ್ಪನಿಗೂ ಇಲ್ಲ, ನನಗೂ ಇಲ್ಲ. ಹಾಗಾಗಿ ಆ ಮಾತನ್ನು ನಕ್ಕು ತಳ್ಳಿಹಾಕಲಾಗಲಿಲ್ಲ.

ಅದು ಪೂರ್ತಿ ಸುಳ್ಳೂ ಅಲ್ಲ. 1970ರ ದಶಕದ ಕೆಲವು ಸಿಂಥೆಟಿಕ್ ಎಣ್ಣೆಗಳು ರಬ್ಬರ್ ಸೀಲುಗಳಿಗೆ ಒಗ್ಗದೆ ಸೋರುತ್ತಿದ್ದವು. ಎಣ್ಣೆಯ ಪಾಕ ಬದಲಾಗಿ ದಶಕಗಳೇ ಆದವು, ಮಾತು ಮಾತ್ರ ಉಳಿಯಿತು. ಸವೆದ ಸೀಲಿನ ಬಿರುಕಿನಲ್ಲಿ ಹಳೆಯ ಜಿಡ್ಡೇ ಬಿರಡೆಯಂತೆ ಕೂತಿದ್ದರೆ, ಹೊಸ ಎಣ್ಣೆ ಅದನ್ನು ತೊಳೆದಾಗ ಮೊದಲೇ ಇದ್ದ ಸೋರಿಕೆ ಕಾಣಿಸುವುದೂ ಉಂಟು. ಮನೆಯ ಹಳೆ ಜಗಳಕ್ಕೆ ಹೊಸ ಸೊಸೆ ಹೊಣೆಯಾದ ಹಾಗೆ.

ಮಿನರಲ್ ಆಯಿಲ್ ಕಚ್ಚಾತೈಲವನ್ನು ಶುದ್ಧಿ ಮಾಡಿ ತೆಗೆದದ್ದು. ಸಣ್ಣ ದೊಡ್ಡ ಅಣುಗಳ ಬೆರಕೆ. ಸಿಂಥೆಟಿಕ್‌ನಲ್ಲಿ ಅಣುಗಳನ್ನು ಕಾರ್ಖಾನೆಯಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಗೆ ಕಟ್ಟುತ್ತಾರೆ. ಅದಕ್ಕೇ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಭಾಷೆ ಓದುವ ನನಗೆ ಸ್ವಾರಸ್ಯವೆನಿಸಿದ್ದು ಆ ಪದದ ಕಥೆ. ಕಚ್ಚಾತೈಲವನ್ನೇ ತೀವ್ರವಾಗಿ ಸಂಸ್ಕರಿಸಿ ತೆಗೆದದ್ದನ್ನೂ 'ಸಿಂಥೆಟಿಕ್' ಎನ್ನಬಹುದೇ ಎಂದು ಅಮೆರಿಕದಲ್ಲಿ ಮೊಬಿಲ್, ಕ್ಯಾಸ್ಟ್ರಾಲ್ ಕಂಪನಿಗಳಿಗೆ ವ್ಯಾಜ್ಯವಾಯಿತು. ಎನ್ನಬಹುದು ಎಂದು 1999ರಲ್ಲಿ ತೀರ್ಮಾನ ಬಂತು, ಅದೂ ಜಾಹೀರಾತು ಪರಿಶೀಲಿಸುವ ಸಂಸ್ಥೆಯಿಂದ! ಡಬ್ಬಿ ಕೊಳ್ಳುವಾಗ ಈ ಪದಕ್ಕಿಂತ ನೋಡಬೇಕಾದದ್ದು 'ಜಾಸೋ ಎಂಎ' ಎಂಬ ಗುರುತು. ಇಂಥ ಬೈಕುಗಳಲ್ಲಿ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿನ ಎಣ್ಣೆ ಹಾಕಿದರೆ ಜಾರಬಹುದು.

ಅಪ್ಪನ ಹತ್ತಿರ ಒಂದು ಪಾಕೆಟ್ ಪುಸ್ತಕವಿದೆ. ಯಾವತ್ತು ಆಯಿಲ್ ಬದಲಿಸಿದ್ದು, ಮೀಟರ್ ಎಷ್ಟಿತ್ತು ಎಲ್ಲ ಸಾಲದ ಲೆಕ್ಕದ ಪಕ್ಕದಲ್ಲೇ ಇದೆ. ಅಮ್ಮನ ಆಪರೇಷನ್ ಆದ ತಿಂಗಳಲ್ಲೂ ಆಯಿಲ್ ತಪ್ಪಿಲ್ಲ. ಫೋನಿನಲ್ಲಿ ನನ್ನ ಅಣುಪುರಾಣ ಕೇಳಿ, "ಎಷ್ಟಾಗುತ್ತೆ?" ಎಂದರು. ಹೇಳಿದೆ. "ಆ ದುಡ್ಡಿಗೆ ನಮ್ಮ ಆಯಿಲ್ಲನ್ನೇ ಎರಡು ಸಲ ಬದಲಿಸಬಹುದು ಕಣಮ್ಮ." ಲೆಕ್ಕ ಸರಿಯಾಗಿಯೇ ಇತ್ತು. ಊರೊಳಗೆ ಓಡಾಡುವ ನೂರು ಸಿಸಿ ಗಾಡಿಗೆ ಅಷ್ಟು ಸಾಕು. ನನಗೆ ಬೇಕಾಗಿದ್ದು ಬಿಸಿಲಿನ ದೂರದ ಓಡಾಟಕ್ಕೆ. ಎರಡೂ ಎಣ್ಣೆ ಬೆರೆಯುತ್ತವೆ, ಬೇಡವೆನಿಸಿದರೆ ಹಿಂದಿನದಕ್ಕೇ ಮರಳಬಹುದು ಎಂದ ಮೇಲೆ ಒಪ್ಪಿದರು. ಒಂದು ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿ ನೋಡು ಎಂದದ್ದೂ ಅವರೇ.

ರಟ್ಟು ಒಣಗಿಯೇ ಇತ್ತು. "ಸೋರಿದ್ರೆ ನನ್ನ ಕೇಳ್ಬೇಡಿ" ಎನ್ನುತ್ತಲೇ ಮೂರನೆಯ ಗ್ಯಾರೇಜಿನವರು ಎಣ್ಣೆ ಬದಲಿಸಿದರು. ಆರು ವಾರವಾಯಿತು, ಒಂದು ತೊಟ್ಟೂ ಬಿದ್ದಿಲ್ಲ. ಗೇರು ಹಗುರಾಗಿದೆ ಅನ್ನಿಸುತ್ತದೆ. ದುಪ್ಪಟ್ಟು ಕೊಟ್ಟವರಿಗೆ ಹಾಗೆ ಅನ್ನಿಸುವುದೂ ಇದೆ.

ಬದಲಿಸಿದ ದಿನ ಅಪ್ಪ ಕೇಳಿದ್ದು ಒಂದೇ: "ಮೀಟರ್ ಎಷ್ಟಿತ್ತು ಹೇಳು, ಬರ್ಕೋತೀನಿ."